ಒಳಗಿನಿಂದ ಒಡೆದ ಗಾಜು

"ಎಲ್ಲಾ ಹೊಸದು ಹಾಕ್ಸ್ಕೊ ಮಗಾ, ಬ್ಯಾಡ ಅನ್ನಲ್ಲ. ಆ ಮೂಲೆ ಗಾಜೊಂದು ಮಾತ್ರ ಹಾಕ್ಸ್ಬ್ಯಾಡ. ಅದು ಬಾಯಿ ತೆರ್ಕೊಂಡೇ ಇರ್ಲಿ."

ತೂಬಗೆರೆಯ ದನದ ಕೊಟ್ಟಿಗೆಯ ಹಿಂದೆ ಹುಲ್ಲಿನ ಧೂಳು ಹೊದ್ದು ನಿಂತಿದ್ದ ಹಳೆಯ ಪದ್ಮಿನಿ ಕಾರನ್ನು ಮುದುಕಿ ಅಮ್ಮಯಮ್ಮ ತೋರಿಸಿದಳು. ಎಡಬಾಗಿಲ ಕಿಟಕಿಯ ತುದಿಯಲ್ಲಿ, ಗಾಳಿಗೆಂದು ತಿರುಗಿಸಿ ತೆರೆಯುವ ಮುಕ್ಕೋನದ ಪುಟ್ಟ ಗಾಜಿನ ಜಾಗ ಖಾಲಿಯಿತ್ತು.

"ಯಾಕಜ್ಜಿ, ಕಾರಿಗೆ ಉಸಿರು ಕಟ್ಟುತ್ತಾ?" ಕಾರು ಕೊಳ್ಳಲು ಬಂದಿದ್ದ ಸುನಿಲ್‌ಕುಮಾರ್ ನಕ್ಕ.

ಅವಳು ನಗಲಿಲ್ಲ. "ನಮ್ಮೆಜಮಾನ್ರಿಗೆ ನನ್ಮ್ಯಾಲೆ ಬಲೇ ಅನುಮಾನ. ತೌರಿಗೆ ಹೊಂಟ್ರೂ ಹೊಟ್ಟೆ ಉರ್ಕೊಳೋರು. ನಾನು ಯಾರ ತಾವೂ ಹೋಗಬಾರ್ದು ಅಂತ ಇದ್ರಲ್ಲಿ ಏನೋ ಮಾಟ ಮಡಗ್ಸಿದ್ರು. ಒಂದಿನ ಬಾಗ್ಲು ತೆಗೀನೇ ಇಲ್ಲ. ಆ ಗಾಜು ಒಳಗಿಂದ ಒಡ್ದು ಬದುಕ್ಕೊಂಡೆ." ಸೆರಗು ಸರಿಸಿದಳು. ಮೊಣಕೈ ಮೇಲೆ ಹಳೆಯ ಗಾಯದ ಕಲೆ ಬೆಳ್ಳಗೆ ಹೊಳೆಯಿತು.

"ಲಾಕ್ ತುಕ್ಕು ಹಿಡ್ದಿರುತ್ತೆ, ಬಿಡಜ್ಜಿ."

ದಾಬಸ್‌ಪೇಟೆಯ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ, ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಅವನು ಕಾರನ್ನು ಬಿಚ್ಚತೊಡಗಿದ. ಗಾಜುಗಳ ಅಂಚಿನಲ್ಲಿ ಕಲ್ಲಾಗಿದ್ದ ರಬ್ಬರ್ ಬೀಡಿಂಗ್ ಕೊರೆದು ತೆಗೆದ. ಮುಂಗಾಜನ್ನು ಉಜ್ಜಿ ಉಜ್ಜಿ ತಿಳಿನೀರು ಮಾಡಿದ. ಇಲಿ ಉಚ್ಚೆ ಕುಡಿದ ಸೀಟಿನ ನಾರು ಕಿತ್ತೆಸೆದು ಕೆಂಪು ರೆಕ್ಸಿನ್ ಹೊಲಿಸಿದ. ಮೂಲೆ ಗಾಜನ್ನೂ ಕತ್ತರಿಸಿ ತಂದು ಕೂರಿಸಿದ. ಹಲ್ಲು ಉದುರಿದ ಕಾರನ್ನು ಷಡ್ಡಕನ ಮುಂದೆ ನಿಲ್ಲಿಸುವುದು ಹೇಗೆ?

ನೋವು ಇದ್ದದ್ದೇ ಅಲ್ಲಿ. ಹೆಂಡತಿ ಶಿಲ್ಪಳ ಅಕ್ಕನ ಗಂಡ ಸಿದ್ದರಾಜುವಿಗೆ ಮಕ್ಕಳಿಲ್ಲ. ಭಾನುವಾರ ದೊಡ್ಡಬಳ್ಳಾಪುರದಿಂದ ಅವನ ಕೆಂಪು ಕಾರು ಬಂದು ನಿಂತರೆ ಸಾಕು, ಏಳು ವರ್ಷದ ಅರ್ಪಿತ ಅಪ್ಪನ ತೊಡೆಯಿಂದ ಜಾರಿ ಓಡುತ್ತಿದ್ದಳು. "ದೊಡ್ಡಪ್ಪನ್ ಕಾರಲ್ಲಿ ತಣ್ಣಗಿರುತ್ತೆ. ನಿನ್ ಬೈಕಲ್ಲಿ ಬರೀ ಧೂಳು." ಆ ಮಾತು ಗಂಟಲಿಗೆ ಸಿಕ್ಕ ಮುಳ್ಳಿನಂತೆ ಸುನಿಲನೊಳಗೆ ಉಳಿದಿತ್ತು. ಇನ್ನೊಬ್ಬನ ಕೊರಳಿಗೆ ಜೋತುಬಿದ್ದ ತನ್ನ ಮಗುವಿನ ಕೈಗಳನ್ನು ನೋಡಿದಾಗಲೆಲ್ಲ ಅದು ಚುಚ್ಚುತ್ತಿತ್ತು.

ಕೊನೆಗೆ ಉಳಿದದ್ದು ಡ್ಯಾಶ್‌ಬೋರ್ಡಿನೊಳಗಿನ ಗಾಳಿಯ ಕೊಳವೆ. ತಂತಿ ತೂರಿಸಿ ಎಳೆದ. ಇಲಿಗೂಡು ಬಂತು. ಅದರ ಹಿಂದೆಯೇ ಉದ್ದನೆಯ ಕಪ್ಪು ಕೂದಲು ಸುತ್ತಿದ್ದ ತಾಮ್ರದ ತಾಯತ. ಹರಳೆಣ್ಣೆಯ ಮುಗ್ಗುಲು ವಾಸನೆ ಶೆಡ್ಡನ್ನೆಲ್ಲ ತುಂಬಿತು.

ಶಿಲ್ಪ ಬಾಗಿಲಲ್ಲೇ ನಿಂತಳು. "ರೀ, ಮುಟ್ಬೇಡಿ. ಹರಿಯೋ ನೀರಿಗೆ ಬಿಟ್ಬನ್ನಿ."

"ಅಪ್ಪಟ ತಾಮ್ರ ಕಣೇ! ದೃಷ್ಟಿಗೆ ಕಟ್ತೀನಿ. ನಿಂಬೆಹಣ್ಣು ತರೋ ಖರ್ಚು ಉಳೀತು."

ಕೂದಲು ಕಿತ್ತೆಸೆದು, ಕಪ್ಪುದಾರ ಪೋಣಿಸಿ, ಒಳಗನ್ನಡಿಗೆ ಕಟ್ಟತೊಡಗಿದ. ಅಷ್ಟರಲ್ಲಿ ಹೊರಗೆ ಪರಿಚಯದ ಹಾರ್ನ್. ಅರ್ಪಿತಳ ಗೆಜ್ಜೆ ಗೇಟಿನತ್ತ ಓಡಿತು. ಅವನು ಹಲ್ಲು ಕಚ್ಚಿ ಗಂಟನ್ನು ಬಿಗಿದ. ಇವಳು ನನ್ನವಳು. ಯಾರ ಹತ್ತಿರವೂ ಹೋಗಬಾರದು.

ಎಂಜಿನ್ ಆರಿದ್ದ ಕಾರಿನ ಕೊಳವೆಯಿಂದ ಉದ್ದನೆಯ ನಿಟ್ಟುಸಿರೊಂದು ಬಂತು.

ಸಿದ್ದರಾಜು ಕಾರನ್ನು ಸುತ್ತಿ ಬಂದು ಅವನ ಬೆನ್ನು ತಟ್ಟಿದ. "ಏನಯ್ಯಾ ಸುನಿ, ಮದುವೆ ಹೆಣ್ಣಿನ ಹಾಗೆ ಮಾಡ್ಬಿಟ್ಟಿದ್ದೀಯಲ್ಲೋ!" ಅವನ ಕಣ್ಣಲ್ಲಿ ಇದ್ದದ್ದು ಬರೀ ಸಂತೋಷ. ಅದೇ ಸುನಿಲನನ್ನು ಇನ್ನಷ್ಟು ಸುಟ್ಟಿತು.

ಎಲ್ಲರೂ ಒಂದು ಸುತ್ತು ಹೋಗಿಬರಲು ಹೊರಟರು. ಅರ್ಪಿತ ಕೆಂಪು ಸೀಟಿನಲ್ಲಿ ಒಂದು ಗಳಿಗೆ ಕೂತಳು. "ಅಪ್ಪಾ, ಸೆಕೆ. ದೊಡ್ಡಪ್ಪನ್ ಕಾರಲ್ಲೇ ಬರ್ತೀನಿ."

"ಇದ್ರಲ್ಲೇ ಕೂತಿರು!" ಅವನು ಬಾಗಿಲನ್ನು ದಡಾರನೆ ಹಾಕಿದ.

ಕಾರು ಓಡಿಸಲು ಬಲಕ್ಕೆ ಬಂದು ಹಿಡಿ ಎಳೆದ. ತೆರೆಯಲಿಲ್ಲ. ಎಡಬಾಗಿಲು. ಅದೂ ಇಲ್ಲ. ಮೂಲೆ ಗಾಜು ತಾನಾಗಿ ತಿರುಗಿ ಮುಚ್ಚಿಕೊಂಡಿತು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಕತ್ತಲೆ ಕವಿಯುತ್ತಿತ್ತು. ಉಜ್ಜಿದ ಗಾಜಿಗೆಲ್ಲ ಹಬೆ. ಹಬೆಯಾಚೆ ಮಗುವಿನ ಅಂಗೈ. ಬಾಯಿ ತೆರೆದಿತ್ತು, ಕೂಗು ಕೇಳಲಿಲ್ಲ. ಅವಳ ಕೂದಲು ಎದ್ದು ನಿಂತಿತು, ಕೊಳವೆಯ ಕಡೆಗೆ. ಕೊಳವೆ ಗಾಳಿ ಬಿಡುತ್ತಿರಲಿಲ್ಲ. ಎಳೆಯುತ್ತಿತ್ತು.

ಶಿಲ್ಪ ಚೀರಿದಳು. ಸಿದ್ದರಾಜು ಜಾಕಿನ ರಾಡಿನಿಂದ ಗಾಜಿಗೆ ಬಡಿದ. ಗೀರೂ ಬೀಳಲಿಲ್ಲ. ಮತ್ತೆ ಬಡಿದ. ಕನ್ನಡಿಯ ಕೆಳಗೆ ತಾಯತ ಗಿರಗಿರ ತಿರುಗುತ್ತಿತ್ತು. ಅಂಗೈ ಗಾಜಿನಿಂದ ಮೆಲ್ಲಗೆ ಜಾರಿತು.

ಗಂಟು ಬಿಗಿಯುವಾಗ ಅಂದುಕೊಂಡದ್ದು ಸುನಿಲನಿಗೆ ನೆನಪಾಯಿತು.

"ಬೇಡ! ನನಗೆ ಬೇಡ! ಅಣ್ಣಾ, ಇವಳು ನಿಮ್ಮ ಮಗಳು! ನಿಮ್ಮವಳೇ! ಕರ್ಕೊಂಡ್ಹೋಗಿ!"

ದಾರ ತುಂಡಾಯಿತು. ಸಿದ್ದರಾಜು ಎಳೆದೊಡನೆ ಬಾಗಿಲು ಹಗುರಾಗಿ ತೆರೆಯಿತು.

ಮಗು ಕೆಮ್ಮುತ್ತಾ, ಗಾಳಿ ನುಂಗುತ್ತಾ ಹೊರಬಿತ್ತು. ಸುನಿಲ ಎರಡೂ ಕೈ ಚಾಚಿ ಮಂಡಿಯೂರಿದ. ಅವಳು ಹಿಂದೆ ಸರಿದು ಸಿದ್ದರಾಜುವಿನ ಕೊರಳು ತಬ್ಬಿಕೊಂಡಳು.

"ಪುಟ್ಟೀ, ಅಪ್ಪ ಕಣೇ," ಶಿಲ್ಪ ಬಿಕ್ಕಿದಳು.

ಅರ್ಪಿತ ಸುನಿಲನನ್ನು ದಿಟ್ಟಿಸಿದಳು. ಬೀದಿಯಲ್ಲಿ ಹೋಗುವವರನ್ನು ನೋಡುವಂಥ ನೋಟ. ಆಮೇಲೆ ಸಿದ್ದರಾಜುವಿನ ಭುಜದಲ್ಲಿ ಮುಖ ಹುದುಗಿಸಿದಳು.

"ಅಪ್ಪಾ, ಮನೆಗೆ ಹೋಗಣ. ಆ ಅಂಕಲ್ಲೇ ಬಾಗ್ಲು ಹಾಕಿದ್ದು."

ಪದ್ಮಿನಿಯ ಮೂಲೆ ಗಾಜು ಮೆಲ್ಲನೆ ತಿರುಗಿ ತೆರೆದುಕೊಂಡಿತು. ಕೊಳವೆಯಿಂದ ಗಾಳಿ ಬೀಸತೊಡಗಿತು, ಖಾಲಿ ಕೆಂಪು ಸೀಟಿನ ಮೇಲೆ, ಮಗಳಿಗೆ ಬೇಕಾಗಿದ್ದಂತೆಯೇ, ತಣ್ಣಗೆ.