ಕೂಪೆ ಬೆಟ್ಟದ ಗಂಟು

"ಆ ಬೆಟ್ಟದ ಮೇಲೆ ಸಿಕ್ಕಿದ್ದನ್ನ ತಗೋಬೇಡ ಅಂದ್ರೆ ನೀನು ಕೇಳೋನಲ್ಲ," ಎಂದ ಮೆಸುಂಬೆ. "ತಗೊಳ್ಳೋದಾದ್ರೆ ನಿನ್ನ ತಲೆ ಮೇಲೇ ಹೊತ್ಕೋ. ಮನೆಯವರ ತಲೆ ಮೇಲೆ ಮಾತ್ರ ಹಾಕ್ಬೇಡ."

ಡಿಕುಮೆ ನಕ್ಕ. ಅವನು ದುವಾಲಾ ಪಟ್ಟಣದವನು. ದುವಾಲಾದವರಿಗೆ ನಮ್ಮ ಟೋಂಬೆಲ್‌ಗೆ ಬಂದರೆ ಎಲ್ಲದಕ್ಕೂ ನಗು ಬರುತ್ತದೆ. ನಮ್ಮ ರಸ್ತೆ ಕಂಡರೆ ನಗು, ನಮ್ಮ ಕರೆಂಟು ಹೋದರೆ ನಗು, ಊರ ನೆತ್ತಿಯ ಮೇಲೆ ಕೂತ ಕೂಪೆ ಬೆಟ್ಟಕ್ಕೆ ನಾವು ಬೆರಳು ಮಾಡಿ ತೋರಿಸುವುದಿಲ್ಲ ಎಂದರೆ ಅದಕ್ಕೂ ನಗು.

"ಮಾವ, ಇದು ಆಟ. ಕಂಪ್ಯೂಟರೊಳಗಿನ ಬೆಟ್ಟ. ಯಾವ್ದೋ ದೇಶದಲ್ಲಿ ನಾಲ್ಕು ಜನ ಕೂತ್ಕೊಂಡು ಕಾಫಿ ಕುಡೀತಾ ಮಾಡಿದ್ದು."

"ಮಾಡಿದವರಿಗೆ ಗೊತ್ತಿರಲ್ಲ. ಬೆಟ್ಟಕ್ಕೆ ಗೊತ್ತಿರುತ್ತೆ. ದಾರಿ ಯಾವುದಾದ್ರೆ ಅದಕ್ಕೇನು, ಹೊರೋಕೆ ಒಂದು ತಲೆ ಸಿಕ್ಕಿದ್ರೆ ಸಾಕು."

ಮೆಸುಂಬೆ ಡಿಕುಮೆಯ ಹೆಂಡತಿ ಎಜೋಲೆಯ ಸೋದರಮಾವ. ಬೀದಿಗೆ ಮುಖ ಮಾಡಿ ಅವನ ಕಂಪ್ಯೂಟರ್ ಆಟದ ಅಂಗಡಿ, ಅದರ ಹಿಂದಿನ ಗೋಡೆಗೆ ಅಂಟಿಕೊಂಡೇ ಮನೆ. ಎಜೋಲೆ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಹಿಂದೆಯೇ ಡಿಕುಮೆಯೂ ಬಂದು ಬೀಡುಬಿಟ್ಟಿದ್ದ. ಗಂಡ ಹೆಂಡತಿಗೆ ಪರಿಚಯವಾದದ್ದೇ 'ಕತ್ತಲಪಾಳಿ' ಎಂಬ ಆಟದಲ್ಲಿ. ಆ ಆಟದಲ್ಲಿ ಇವತ್ತಿನ ಊರುಗಳೊಳಗೆ, ಬಸ್ಸು ಮೊಬೈಲುಗಳ ನಡುವೆಯೇ ದೆವ್ವ ಮಾಟಗಾರರು ನುಸುಳಿರುತ್ತಾರೆ. ಲೋಕದ ನಾನಾ ಮೂಲೆಯ ಆಟಗಾರರು ಗುಂಪು ಕಟ್ಟಿಕೊಂಡು ಅವರನ್ನು ಬೇಟೆಯಾಡಬೇಕು. ಅದರಲ್ಲಿ ಡಿಕುಮೆ ಕತ್ತಿ ಹಿಡಿಯುವವನು, ಎಜೋಲೆ ಗಾಯ ಮಾಯಿಸುವವಳು. ಅವನಿಗೆ ಎಷ್ಟು ಗಾಯ ಮಾಯಿಸಿದಳೋ, ಕೊನೆಗೆ ಮದುವೆಯೇ ಆದಳು.

ಆಟದಲ್ಲಿ ಹೊಸದಾಗಿ ಒಂದು ಸೀಮೆ ತೆರೆದಿತ್ತು. ಕೆಂಪು ಮಣ್ಣಿನ ಬೆಟ್ಟ, ಸುತ್ತ ಮಂಜು. ಇಳಿಜಾರಿನ ತುಂಬ ಜನ ಸಾಲಾಗಿ ನಿಂತು ಕೆಸುವಿನ ಹೊಲ ಅಗೆಯುತ್ತಿದ್ದರು. ಎಲ್ಲರದೂ ಬೆನ್ನೇ ಕಾಣುತ್ತಿತ್ತು. ತುದಿಯಲ್ಲಿ ಒಂದು ಗುಡಿಸಲು, ಅದರ ತುಂಬ ನಾರಿನಿಂದ ಬಿಗಿದ ಗಂಟುಗಳು. ಮೊದಲ ದಿನ ಅದನ್ನು ನೋಡಿದ ನಮ್ಮೂರಿನ ಹುಡುಗರು ಇದು ನಮ್ಮ ಕೂಪೆಯೇ ಎಂದು ಎದ್ದು ಮನೆಗೆ ಹೋದರು. ಕೂಪೆಯ ಮಾತು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಾಟ ಕಲಿತವರು ಬೆಟ್ಟ ಹತ್ತಿ ಕಟ್ಟಿದ ಗಂಟು ತರುತ್ತಾರೆ. ಒಳಗೆ ಸಿರಿಯಿದೆಯೋ ಸಾವಿದೆಯೋ, ಬಿಚ್ಚುವವರೆಗೂ ತಿಳಿಯದು. ಅದಕ್ಕೆ ಬೆಲೆ ಮನೆಯ ಒಂದು ಜೀವ. ಆ ಜೀವ ಇಲ್ಲಿ ಒಣಗಿ ಸಾಯುತ್ತದೆ, ಅಲ್ಲಿ ಗುದ್ದಲಿ ಹಿಡಿಯುತ್ತದೆ.

ಖಾಲಿ ಅಂಗಡಿಯಲ್ಲಿ ಡಿಕುಮೆ ಒಬ್ಬನೇ ಕೂತು ಆ ಬೆಟ್ಟ ಹತ್ತಿದ. ಎಜೋಲೆ ಸುಟ್ಟ ಬಾಳೆಕಾಯಿಯ ತಟ್ಟೆ ಹಿಡಿದು ಅವನ ಬೆನ್ನ ಹಿಂದೆ ನಿಂತಿದ್ದಳು. ಬಿಸಿಲು ಉರಿಯುತ್ತಿದ್ದರೂ ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಕತ್ತಲು. ಅಂಗಳದಲ್ಲಿ ಒಣಹಾಕಿದ ಕೋಕೋ ಬೀಜದ ಹುಳಿ ವಾಸನೆ ಒಳಗೂ ತುಂಬಿತ್ತು.

ಗುಡಿಸಲಿನಲ್ಲಿ ಅವನು ಒಂದು ಗಂಟು ಮುಟ್ಟಿದ. ಚೀಲ ತುಂಬಿದೆ ಎಂದಿತು ಆಟ.

"ತುಂಬದೆ ಏನಾಗುತ್ತೆ?" ಎಂದಳು ಎಜೋಲೆ. "ಸತ್ತ ದೆವ್ವದ ಹತ್ರ ಏನಿದೆ ಅಂತ ಯಾವತ್ತಾದ್ರೂ ನೋಡಿ ಆರಿಸಿದ್ದೀಯಾ? 'ಎಲ್ಲ ಬಾಚಿಕೋ' ಒತ್ತೋದು, ಮುಂದೆ ಹೋಗೋದು. ಸಂತೆಗೆ ಕಳಿಸಿದ್ರೂ ಅಷ್ಟೇ. ಕೊಳೆತ ಟೊಮೆಟೊನೂ ಬಾಚ್ಕೊಂಡು ಬರ್ತಾನೆ ನನ್ನ ಗಂಡ."

"ನಿನ್ನ ಚೀಲದಲ್ಲಿ ಜಾಗ ಇದೆಯಲ್ಲ."

ಅವಳ ನಗು ನಿಂತಿತು. "ಬೇರೆ ಏನು ಬೇಕಾದ್ರೂ ಹಾಕು. ಬೆಟ್ಟದ್ದು ಬೇಡ. ನನ್ನಾಣೆ."

"ಆಯ್ತು ಮಾರಾಯ್ತಿ. ಹೋಗಿ ಮಲಗು."

ಅವಳು ಹೋದಳು. ಡಿಕುಮೆ ಪಕ್ಕದ ಕಂಪ್ಯೂಟರಿನಲ್ಲಿ ಹೆಂಡತಿಯ ಹೆಸರು ಹಾಕಿ ಆಟ ತೆರೆದ. ಅವಳ ಗುಪ್ತಪದ ಅವನಿಗೆ ಬಾಯಿಪಾಠ. ಮದುವೆಯಾದಾಗಿನಿಂದ ತನ್ನ ಚೀಲ ತುಂಬಿದರೆ ಉಳಿದದ್ದನ್ನು ಅವಳ ಚೀಲಕ್ಕೆ ತುರುಕುವುದು ಅವನ ರೂಢಿ. ಪರದೆಯ ಮೇಲೆ ಹಸಿರು ತಲೆವಸ್ತ್ರ ಕಟ್ಟಿದ ಆಟದ ಎಜೋಲೆ ಬೆಟ್ಟ ಹತ್ತಿ ಬಂದಳು. ಅವನು ಗಂಟು ಎತ್ತಿ ಅವಳಿಗೆ ದಾಟಿಸಿದ. ಚೀಲಕ್ಕೆ ಹಾಕಿದ್ದು ಹೇಗೋ ಅವಳ ತಲೆಯ ಮೇಲೆ ಕೂತಿತು. ಚೆನ್ನಾಗಿ ಮಾಡಿದ್ದಾರೆ ಎಂದುಕೊಂಡ ಡಿಕುಮೆ. ಎರಡೂ ಯಂತ್ರ ಆರಿಸಿ ಬಾಳೆಕಾಯಿ ತಿಂದ.

ಗೋಡೆಯ ಆಚೆ ಎಜೋಲೆ ನರಳಿದಳು.

ತಲೆ ಎತ್ತಲು ಆಗುತ್ತಿಲ್ಲ ಎಂದಳು. ಕುತ್ತಿಗೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಿದೆ ಎಂದಳು. ದವಾಖಾನೆಯ ದಾದಿ ಬಂದು ನೋಡಿ, ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಹೋದಳು. ಮರುದಿನ ಎಜೋಲೆ ಕಣ್ಣೇ ಬಿಡಲಿಲ್ಲ. ನಿದ್ದೆಯಲ್ಲೇ ಎರಡು ತೋಳೂ ಏಳುತ್ತಿದ್ದವು, ಬೀಳುತ್ತಿದ್ದವು. ಡಿಕುಮೆ ಅವಳ ಕೈ ಹಿಡಿದು ನಿಲ್ಲಿಸಲು ಹೋದ. ಅಂಗೈ ತುಂಬ ಬೊಬ್ಬೆ. ಉಗುರಿನೊಳಗೆ ಕೆಂಪು ಮಣ್ಣು. ಹಾಸಿಗೆ ಬಿಟ್ಟು ಏಳದವಳ ಉಗುರಿಗೆ ಮಣ್ಣು ಎಲ್ಲಿಂದ ಬಂತು? ಅವನು ಹೊಟ್ಟೆಯ ಮೇಲೆ ಕೈಯಿಟ್ಟ. ಮಗು ಒದೆಯಿತು. ಅದೊಂದಾದರೂ ಚೆನ್ನಾಗಿತ್ತು.

ಅವನು ಅಂಗಡಿಗೆ ಓಡಿ ಆಟ ತೆರೆದ. ಗೆಳೆಯರ ಪಟ್ಟಿಯಲ್ಲಿ ಹೆಂಡತಿಯ ಹೆಸರಿನ ಮುಂದೆ ಹಸಿರು ದೀಪ ಉರಿಯುತ್ತಿತ್ತು. ಎಜೋಲೆ ಆಟದಲ್ಲಿದ್ದಾಳೆ ಎಂದಿತು ಪರದೆ.

ಬಾಗಿಲಲ್ಲಿ ಮೆಸುಂಬೆ ನಿಂತಿದ್ದ. ಡಿಕುಮೆ ತಿರುಗಿ ನೋಡಿದ. ಅವನ ಮುಖವೇ ಎಲ್ಲ ಹೇಳುತ್ತಿತ್ತು.

"ಅವಳ ತಲೆ ಮೇಲೆ ಹಾಕಿದೆಯಾ?"

"ಮಾವ, ನನಗೆ ಗೊತ್ತಿರ್ಲಿಲ್ಲ."

"ಹೇಳಿದ್ದೆನಲ್ಲೋ ಪಾಪಿ." ಮುದುಕ ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಮೇಲೆ ಮೆತ್ತಗೆ ಹೇಳಿದ: "ಹೊರಿಸಿದ ಕೈಯೇ ಇಳಿಸಬೇಕು. ಹೋಗು. ನಿನ್ನ ಚೀಲ ಖಾಲಿ ಮಾಡ್ಕೊಂಡು ಹೋಗು. ಆ ಗಂಟನ್ನ ಮಾತ್ರ ತಗೋ. ಕೇಳಿಸ್ತಾ ಅಳಿಯ? ಅವಳ ಹತ್ರ ಬೇರೆ ಏನೇ ಕಂಡ್ರೂ ಮುಟ್ಬೇಡ."

ಅಷ್ಟರಲ್ಲಿ ಕರೆಂಟು ಹೋಯಿತು. ಮೆಸುಂಬೆ ಹೊರಗೆ ಹೋಗಿ ಜನರೇಟರ್ ಹಗ್ಗ ಎಳೆದ. ಅದು ಕೆಮ್ಮಿತು, ಹೊತ್ತಿಕೊಂಡಿತು. ಪೆಟ್ರೋಲ್ ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂತು.

ಡಿಕುಮೆ ಮತ್ತೆ ಆಟ ತೆರೆದು ಬೆಟ್ಟದ ಬುಡದಲ್ಲಿ ನಿಂತು, ವರ್ಷಗಟ್ಟಲೆ ಗಳಿಸಿದ ಕತ್ತಿ, ತಾಯತ, ಗುರಾಣಿ ಎಲ್ಲವನ್ನೂ ಮಣ್ಣಿಗೆ ಸುರಿದ. ಬರಿಗೈಯಲ್ಲಿ ಹತ್ತಿದ. ಒಂದು ಕಿವಿಗೆ ಮಾತ್ರ ಹಾಕಿದ ಹೆಡ್‌ಫೋನಿನಲ್ಲಿ ಗುದ್ದಲಿಗಳ ಸದ್ದು ಒಂದೇ ತಾಳದಲ್ಲಿ ಬರುತ್ತಿತ್ತು. ಅದರ ಅಡಿಯಲ್ಲಿ ಉಸಿರು. ನೂರಾರು ಜನರ ದಣಿದ ಉಸಿರು. ಆಟದ ಸೀಮೆಗೆ ವಾಸನೆ ಇರುವುದಿಲ್ಲ. ಆದರೂ ಅವನ ಮೂಗಿಗೆ ಹಸಿ ಮಣ್ಣು, ಬೆವರು, ಎಜೋಲೆ ತಲೆಗೆ ಹಚ್ಚುವ ಎಣ್ಣೆಯ ಘಮ ಬಡಿಯಿತು. ಅವನಿಗೆ ಹೆದರಿಕೆಯಾಯಿತು. ಅಷ್ಟು ಹೆದರಿಕೆ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸಾಲಿನ ಪಕ್ಕ ನಡೆದ. ಯಾರೂ ತಿರುಗಲಿಲ್ಲ. ಇನ್ನೊಂದು ಸಾಲು. ಮತ್ತೊಂದು. ಹಸಿರು ತಲೆವಸ್ತ್ರ ಕಂಡಿತು.

ತಲೆಯ ಮೇಲೆ ಗಂಟು ಹೊತ್ತೇ ಅವಳು ಅಗೆಯುತ್ತಿದ್ದಳು. ಕುತ್ತಿಗೆ ಹೆಗಲೊಳಗೆ ಹೂತಿತ್ತು. ಅವನು ಅವಳ ಮುಂದೆ ಹೋಗಿ ನಿಂತ. ಆಟದ ಗೊಂಬೆಗಳಿಗೆ ಬಸುರಿನ ಹೊಟ್ಟೆ ಇರುವುದಿಲ್ಲ. ಇವಳಿಗೆ ಇತ್ತು. ಅವನು ಅದನ್ನು ನೋಡಲಿಲ್ಲ. ಅವನ ಕಣ್ಣೆಲ್ಲ ಗಂಟಿನ ಮೇಲಿತ್ತು.

ಜನರೇಟರ್ ಗೊರಗೊರ ಎಂದಿತು. ಪರದೆ ಮಂಕಾಯಿತು.

"ಬೇಗ ಅಳಿಯ," ಹೊರಗಿನಿಂದ ಮೆಸುಂಬೆ ಕೂಗಿದ. "ಪೆಟ್ರೋಲ್ ಮುಗೀತಾ ಇದೆ. ಈಗ ಆರಿದ್ರೆ ಅವಳು ಅಲ್ಲೇ ಉಳೀತಾಳೆ."

ಗೋಡೆಯಾಚೆ ಎಜೋಲೆಯ ಉಸಿರು ಗೊರಕೆಯಂತಾಯಿತು. ಮಧ್ಯೆ ನಿಂತಿತು. ಮತ್ತೆ ಬಂತು. ಡಿಕುಮೆ ಹಸಿರು ತಲೆವಸ್ತ್ರವನ್ನು ಮುಟ್ಟಿದ. ಅವಳು ಹೊತ್ತದ್ದೆಲ್ಲ ಪರದೆಯಲ್ಲಿ ತೆರೆದುಕೊಂಡಿತು. ಗಂಟು ಇತ್ತು. ಅದರ ಕೆಳಗೆ ಇನ್ನೇನೋ ಇತ್ತು. ಪರದೆ ನಡುಗಿತು. ಬೆವರು ಕಣ್ಣಿಗಿಳಿಯಿತು. ಜನರೇಟರ್ ನಿಂತಂತಾಯಿತು. ನಿಲ್ಲಲಿಲ್ಲ. ಉಸಿರು ಮತ್ತೆ ನಿಂತಿತು. ಬೆರಳು ಇಳಿಯಿತು. ಯಾವಾಗಲೂ ಒತ್ತುವುದನ್ನೇ ಒತ್ತಿತು.

ಎಲ್ಲ ಬಾಚಿಕೋ.

ಗುದ್ದಲಿಗಳ ಸದ್ದು ಒಮ್ಮೆಗೇ ನಿಂತಿತು. ಪರದೆಯಲ್ಲಿ ಎಜೋಲೆ ಇರಲಿಲ್ಲ. ಅವಳ ಗುದ್ದಲಿ ಮಣ್ಣಿನಲ್ಲಿ ನಾಟಿ ನಿಂತಿತ್ತು.

"ಇಳೀತು," ಎಂದಿತು ಗೋಡೆಯಾಚೆಯ ದನಿ. ಸ್ಪಷ್ಟವಾದ, ಎಚ್ಚರದ ದನಿ. ಡಿಕುಮೆ ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟ. ಬರಿಗಾಲಿನ ಹೆಜ್ಜೆ ಕೇಳಿಸಿತು. ಎಜೋಲೆ ಬಂದು ಬಾಗಿಲಲ್ಲಿ ನಿಂತಳು. ಕುತ್ತಿಗೆ ನೇರವಾಗಿತ್ತು. ಮುಖದಲ್ಲಿ ನಗುವಿತ್ತು.

"ಕುತ್ತಿಗೆ ಬಿಡ್ತು ಕಣೋ. ಮೈಯೆಲ್ಲ ಎಷ್ಟು ಹಗುರ ಆಗಿದೆ ಗೊತ್ತಾ..."

ಮಾತಾಡುತ್ತಲೇ ಅವಳ ಕೈ ರೂಢಿಯಂತೆ ಹೊಟ್ಟೆಗೆ ಹೋಯಿತು. ಅಲ್ಲೇ ನಿಂತಿತು. ಹೊಟ್ಟೆಯ ಮೇಲೆ ಬಿಗಿಯುತ್ತಿದ್ದ ನಿಲುವಂಗಿ ಎದೆಯಿಂದ ಮೊಣಕಾಲಿನವರೆಗೂ ನೆಟ್ಟಗೆ ಇಳಿಬಿದ್ದಿತ್ತು.

ಡಿಕುಮೆ ಪರದೆಯತ್ತ ತಿರುಗಿದ. ಅವನ ಚೀಲದಲ್ಲಿ ಎರಡು ಗಂಟುಗಳಿದ್ದವು. ನಾರಿನಿಂದ ಬಿಗಿದದ್ದು ಒಂದು. ಬಿಳಿ ಬಟ್ಟೆ ಸುತ್ತಿದ ಚಿಕ್ಕದು ಇನ್ನೊಂದು. ಚಿಕ್ಕದು ಅಲುಗಿತು.

ದಾದಿ ಮತ್ತೆ ಬಂದಳು. ರಕ್ತವಿಲ್ಲ, ಗಾಯವಿಲ್ಲ, ಈ ಹೆಂಗಸು ಬಸುರಿಯೇ ಆಗಿರಲಿಲ್ಲವೇನೋ ಎಂದಳು. ತಾನೇ ಕಿವಿಯಿಟ್ಟು ಮಗುವಿನ ಎದೆಬಡಿತ ಕೇಳಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡು ಹೋದಳು. ಚಿಕ್ಕ ಗಂಟನ್ನು ಎಜೋಲೆಗೆ ಹಿಂದಿರುಗಿಸಲು ಡಿಕುಮೆ ಮಾಡದ ಪ್ರಯತ್ನವಿಲ್ಲ. ಅದು ಅವನ ಚೀಲ ಬಿಟ್ಟು ಕದಲುವುದಿಲ್ಲ.

ಒಂದು ಮಧ್ಯಾಹ್ನ ಪೆಟ್ರೋಲ್ ತೀರಿ ಯಂತ್ರಗಳೆಲ್ಲ ಆರಿದವು. ಆರಿದ ಯಂತ್ರಗಳ ಹೆಡ್‌ಫೋನುಗಳಿಂದ ಎಳೆಯ ಮಗುವಿನ ಅಳು ಬಂತು. ರಸ್ತೆಯಲ್ಲಿ ಬಾಳೆಕಾಯಿ ಸುಡುತ್ತಿದ್ದವಳೂ ಕೇಳಿ ಒಲೆ ಬಿಟ್ಟು ಓಡಿದಳು. ಮತ್ತೆ ಜನರೇಟರ್ ಹತ್ತುವವರೆಗೂ ಅದು ಅಳುತ್ತಲೇ ಇತ್ತು. ಅಂದಿನಿಂದ ಮೆಸುಂಬೆ ಇನ್ನೊಂದು ಜನರೇಟರ್ ತಂದಿಟ್ಟಿದ್ದಾನೆ. ಡಿಕುಮೆ ಆ ಕುರ್ಚಿ ಬಿಟ್ಟು ಏಳುವುದಿಲ್ಲ. ಪರದೆಯಲ್ಲಿ ಅವನ ಗೊಂಬೆ ತಲೆಯ ಮೇಲೆ ದೊಡ್ಡದನ್ನು ಹೊತ್ತು, ಎದೆಗೆ ಚಿಕ್ಕದನ್ನು ಅವುಚಿಕೊಂಡು ಕೆಸುವಿನ ಸಾಲುಗಳ ನಡುವೆ ಅತ್ತಿಂದಿತ್ತ ನಡೆಯುತ್ತಿರುತ್ತದೆ. ದುವಾಲಾದ ಆ ನಗುವನ್ನು ನಾವು ಮತ್ತೆ ಕೇಳಲಿಲ್ಲ.

ಎಜೋಲೆ ದಿನವೂ ಊಟ ತಂದು ಅವನ ಪಕ್ಕದಲ್ಲಿಡುತ್ತಾಳೆ. ಪರದೆಯ ಕಡೆ ನೋಡುವುದಿಲ್ಲ. ಗೋಡೆಯನ್ನೇ ನೋಡುತ್ತ ಕೇಳುತ್ತಾಳೆ.

"ಇವತ್ತು ಅತ್ತಿತಾ?"

"ಇಲ್ಲ," ಎನ್ನುತ್ತಾನೆ ಡಿಕುಮೆ, ಪರದೆಯಿಂದ ಕಣ್ಣು ಕೀಳದೆ. "ಈಗಷ್ಟೇ ಮಲಗ್ತು. ಮೆಲ್ಲಗೆ ಮಾತಾಡು."