ಕಂಬಕ್ಕೆ ಕಟ್ಟಿದ ಕೆಂಪು ಬಟ್ಟೆ

"ಅವ್ವಾರ, ನಾ ಬರದದ್ದೆಲ್ಲಾ ಖರೇನ ಆಗಾಕತ್ತೇತ್ರಿ!"

ಮಹಡಿಯ ಬಾಡಿಗೆ ಕೋಣೆಯಿಂದ ಓಡಿಬಂದ ಶಿವರಂಜನಿಗೆ ಉಸಿರೇ ಸಿಗುತ್ತಿರಲಿಲ್ಲ. ಮನೆಯೊಡತಿ ಗುರುಶಾಂತವ್ವ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಸಿರಸಿಯಲ್ಲಿ ಕಳವು, ಕಾಟ ಏನೇ ಆದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ.

ಬನವಾಸಿಯ ಶಿವರಂಜನಿ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದಳು. ಅದರಲ್ಲಿ ಇಂಗ್ಲಿಷಿನ ಕಾನೂನು ಬರವಣಿಗೆಯೆಂದರೆ ಅವಳಿಗೆ ಕಬ್ಬಿಣದ ಕಡಲೆ. ಅಭ್ಯಾಸಕ್ಕೆಂದು ಕಲ್ಪಿತ ಕೊಲೆಯೊಂದರ ದೂರನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು: ಕಿಟಕಿಯ ಚಿಲಕ ಮುರಿದಿರುತ್ತದೆ, ಒಂಟಿ ಹೆಂಗಸಿನ ದಿಂಬಿನ ಮೇಲೆ ಕೆಂಪು ಬಟ್ಟೆ ಬಿದ್ದಿರುತ್ತದೆ, ಮರುದಿನ ಅವಳು ಹೆಣವಾಗಿರುತ್ತಾಳೆ. ಈಗ ತರಗತಿ ಮುಗಿಸಿ ಬಂದು ನೋಡಿದರೆ ಅವಳದೇ ಕಿಟಕಿಯ ಚಿಲಕ ಮುರಿದಿತ್ತು. ಕೋಣೆಯ ಮರದ ಕಂಬಕ್ಕೆ ಯಾರೋ ಕೆಂಪು ಬಟ್ಟೆ ಕಟ್ಟಿದ್ದರು.

"ಇನ್ನ ಉಳದದ್ದು ಹೆಣ ಒಂದ ರೀ..." ಅವಳು ಮಹಡಿಯತ್ತ ಬೆರಳು ತೋರಿಸಿದಳು.

ಗುರುಶಾಂತವ್ವ ಮೇಲೆ ಹೋಗಿ ಕಂಬವನ್ನೂ ಹಾಸಿಗೆಯನ್ನೂ ನೋಡಿದರು. "ನೀ ಬರದದ್ದನ್ನ ಯಾರ್ಯಾರು ಓದ್ಯಾರ ತಂಗಿ?"

"ಕರಡು ಪವನ್ ಒಬ್ಬನ ನೋಡಿದ್ದು, ನನ್ನ ಜೋಡಿ ಓದಾಂವ. ಅದರಾಗ ಸ್ಪೆಲ್ಲಿಂಗ್ ತಪ್ಪು ಭಾಳ ಇದ್ದೂ. ತಿದ್ದಿ ಬರದದ್ದನ್ನ ಗೆಳತಿ ಕಾವ್ಯಶ್ರೀ, ಕಲಿಸೋ ಸದಾಶಿವ ಸರ್ ಓದ್ಯಾರ."

ಗುರುಶಾಂತವ್ವ ಕರಡನ್ನು ಕೇಳಿ ಪಡೆದು ಓದಿ, ಮಡಚಿ ಇಟ್ಟುಕೊಂಡರು. ಅಂದು ಅವಳನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ಹಂಚಿನ ಮೇಲೆ ಬೆಕ್ಕು ನಡೆದರೂ ಹುಡುಗಿ ಎದ್ದು ಕೂರುತ್ತಿದ್ದಳು.

ಬೆಳಿಗ್ಗೆ ಗುರುಶಾಂತವ್ವ ಹೇಳಿಕಳಿಸಿದ್ದರಿಂದ ಪವನ್, ಕಾವ್ಯಶ್ರೀ, ಸದಾಶಿವ ಸರ್ ಮೂವರೂ ಬಂದು ಕೂತರು.

"ಹೆದರಸಾಕ ಬಂದಾಂವ ದಿಂಬು ಮುಟ್ಟೇ ಇಲ್ಲ, ಕಂಬಕ್ಕ ಬಟ್ಟಿ ಕಟ್ಯಾನ," ಎಂದರು ಗುರುಶಾಂತವ್ವ. "ಯಾಕ? ಕರಡಿನ್ಯಾಗ ಈಕಿ ದಿಂಬಿಗೆ 'ಪಿಲ್ಲೋ' ಅನ್ನೂ ಬದಲಿ 'ಪಿಲ್ಲರ್', ಅಂದ್ರ ಕಂಬ, ಅಂತ ಬರದಿದ್ಲು. ತಿದ್ದಿದ್ದನ್ನ ಓದಿದವರು ದಿಂಬ ಹುಡುಕತಿದ್ರು. ಕಂಬ ಹುಡುಕಿದಾಂವ ಕರಡು ಓದಿದಾಂವ."

ಸದಾಶಿವ ಸರ್ ಥಟ್ಟನೆ ತಿರುಗಿದರು. "ಪವನ್, ನಿನ್ನೆ ಕ್ಲಾಸಿಗೆ ತಡವಾಗಿ ಬಂದೆಯಲ್ಲ?"

ಪವನ್ ಮುಖ ಮುಚ್ಚಿಕೊಂಡ. "ವಯಸ್ಸಿನ ಲೆಕ್ಕದಾಗ ನಂಗಿದು ಕಡೀ ಪರೀಕ್ಷಾ ರೀ. ಈಕಿ ಹೆದರಿ ಊರಿಗೆ ಹೋದ್ರ ಪೈಪೋಟಿಗೆ ಒಬ್ಬರು ಕಡಿಮಿ ಆಗ್ತಾರಂತ... ಕೊಲ್ಲೂ ಮನಸಿರಲಿಲ್ಲ."

ಅಷ್ಟಾದರೂ ಶಿವರಂಜನಿಯ ಹೆದರಿಕೆ ಹೋಗಲಿಲ್ಲ. "ನಾ ಪರೀಕ್ಷಾ ಬಿಡ್ತೀನ್ರಿ."

"ಬಿಟ್ರ ಅವನ ಕೆಲಸ ನೀನ ಮುಗಿಸಿಕೊಟ್ಟಂಗ. ಕುಂದರು, ದೂರು ಬರಿ. ಸ್ಟೇಶನ್ನಿಗೆ ನಾನೂ ಬರ್ತೀನಿ."

ಅವಳು ಪೆನ್ನು ಹಿಡಿದಳು. "ಇಂಗ್ಲಿಷಿನ್ಯಾಗ ಬರೀಲೇನ್ರಿ?"

"ನಿನ್ನ ಹೆದರಿಕಿ ಯಾವ ಭಾಷಾದಾಗ ಐತಿ, ಅದರಾಗ ಬರಿ."

ಶಿವರಂಜನಿ ಕನ್ನಡದಲ್ಲಿ ಮೊದಲು ತನ್ನ ಹೆಸರು ಬರೆದಳು, ಆಮೇಲೆ ಅವನದು.