ಕಾವಲುಗಾರನ ಕೈಗೆ ಸಿಗದ ಫೋನ್

ಕಂಪ್ಯೂಟರಿನ ಒಳಗುಟ್ಟು ಬಲ್ಲವರು ಹೇಳಬೇಕಾದ ಕತೆ ಇದು. ಸಂಜೆ ತರಗತಿಯಲ್ಲಿ ಕಲಿತಷ್ಟನ್ನೇ ನಂಬಿಕೊಂಡು ಹೇಳಹೊರಟಿದ್ದು ಅಧಿಕಪ್ರಸಂಗವೆನಿಸಿದರೆ ಓದುವವರು ಕ್ಷಮಿಸಬೇಕು.

ಡಿಸೆಂಬರ್ 11, ಬೆಳಗ್ಗೆ 10.20. ಜಾವಳಿ ಕಡೆಯ ಎಸ್ಟೇಟ್ ಕೆಲಸಗಾರ ಗಿಡ್ಡಪ್ಪ ಠಾಣೆಗೆ ಬಂದು ದೂರು ಕೊಟ್ಟ. 7.40ಕ್ಕೆ ಕಾಫಿ ಕೊಯ್ಯುವವರ ನಡುವೆ ಆನೆ ನುಗ್ಗಿ, ಅವನ ಹೆಂಡತಿ ದೇವೀರಮ್ಮನ ಸೊಂಟ ಮುರಿದಿತ್ತು. ಆನೆ ಕಂಡರೆ, ಕೂಲಿಯವರ ಲೆಕ್ಕ-ಉಸ್ತುವಾರಿ ನೋಡುವ ಎಸ್ಟೇಟ್ ರೈಟರ್ ಮೊಬೈಲಿನಲ್ಲಿ ವರದಿ ಹಾಕಬೇಕು. ಬೆಳೆಗಾರರ ಸಂಘದ ವೆಬ್‌ಸೈಟ್ ಅದನ್ನು ದಾಖಲಿಸಿಕೊಂಡು ಸೈರನ್ ಕೂಗಿಸುತ್ತದೆ. ಅಂದು ಸೈರನ್ ಕೂಗಿರಲಿಲ್ಲ.

"ರೈಟ್ರು ಧರ್ಮೇಶ್ ಹಾಕಿಲ್ಲ ಸಾರ್. ಹಾಕಿದ್ರೆ ಕೂಗ್ತಿತ್ತಲ್ಲ," ಎಂದ ಗಿಡ್ಡಪ್ಪ.

ಎಫ್‌ಐಆರ್ ಆಯಿತು. ಸ್ಥಳ ಪಂಚನಾಮೆ ಮುಗಿಸಿ ಬಂದ ಇನ್‌ಸ್ಪೆಕ್ಟರ್ ರುದ್ರಪ್ಪ, ಮಧ್ಯಾಹ್ನ ಒಂದು ಗಂಟೆಗೆ ಧರ್ಮೇಶನನ್ನು ಎದುರಿಗೆ ಕೂರಿಸಿಕೊಂಡರು.

"ವರದಿ ಹಾಕಿದ್ಯಾ?"

"6.52ಕ್ಕೆ ಹಾಕ್ದೆ ಸಾರ್. 'ಸ್ವೀಕರಿಸಲಾಗಿದೆ' ಅಂತ ಬಂತು."

"ದಾಖಲೆಲಿ ಇಲ್ಲ ಅಂತ ಸಂಘದ ನಂದನ್ ಈಗಷ್ಟೇ ಫೋನಲ್ಲಿ ಹೇಳಿದ್ರಲ್ಲೋ ಮಾರಾಯ. ಅದನ್ನೂ ಆನೆ ತಿಂತಾ?"

ಸಂಜೆಯೊಳಗೆ ಧರ್ಮೇಶನ ಬಂಧನ ಎಂದಾಯಿತು. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ ಕಾನ್‌ಸ್ಟೆಬಲ್ ಅರುಣಾಗೆ ಸಮಾಧಾನವಾಗಲಿಲ್ಲ. ತಾನೇ ತಪ್ಪಾಗಿ ನಗೆಪಾಟಲಾದರೆ ಎಂಬ ಅಳುಕು. ತಪ್ಪು ಮಾಡದವನು ಒಳಗೆ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದು.

"ಸಾರ್, ವೆಬ್‌ಸೈಟಿಗೆ ಏನೇನು ಬಂತು ಅಂತ ಒಂದು ಕಡೆ ಬರ್ದಿರತ್ತೆ, ದಾಖಲಾಗಿ ಉಳಿದಿದ್ದು ಇನ್ನೊಂದು ಕಡೆ. ಎರಡೂ ನೋಡಣ."

3.15ಕ್ಕೆ ಸಂಘದ ಕಚೇರಿ. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆ ವೆಬ್‌ಸೈಟ್ ಬರೆದ ನಂದನ್ ಕಾಫಿ ತರಿಸಿದ. ಬಂದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್‌ನಲ್ಲಿ 6.52ಕ್ಕೆ ಧರ್ಮೇಶನ ನಂಬರಿನಿಂದ ಬಂದ ವರದಿ ಇತ್ತು. ದಾಖಲೆ ಉಳಿಯುವ ಡೇಟಾಬೇಸಿನಲ್ಲಿ ಇರಲಿಲ್ಲ.

"ಇವೆರಡರ ನಡುವೆ ಏನಿದೆ?" ಅರುಣಾ ಕೇಳಿದಳು.

"ಇಂಟರ್‌ಸೆಪ್ಟರ್. ಗೇಟಿನ ಕಾವಲುಗಾರ ಅನ್ಕೊಳಿ. ಡೇಟಾಬೇಸಿಗೆ ಹೋಗೋದನ್ನೆಲ್ಲ ನೋಡಿ ಒಳಗೆ ಬಿಡ್ತಾನೆ."

"ಯಾವ ಕಾವಲುಗಾರ ನಿಲ್ಬೇಕು ಅಂತ ಎಲ್ಲಿ ಬರ್ದಿರತ್ತೆ?"

"ಕಾನ್ಫಿಗರೇಶನ್ ಫೈಲಲ್ಲಿ."

ಆ ಫೈಲು ಅಂದೇ 9.05ಕ್ಕೆ, ಅಂದರೆ ಆನೆ ನುಗ್ಗಿದ ಮೇಲೆ, ಬದಲಾಗಿತ್ತು. ಅರುಣಾ ಹಿಂದಿನ ದಿನದ ಬ್ಯಾಕಪ್ ಕೇಳಿದಳು. ನಂದನ್ ಲೋಟ ಕೆಳಗಿಟ್ಟ. ಪಂಚರೆದುರು ತೆರೆದಾಗ ಆ ಹಳೆಯ ಪ್ರತಿಯಲ್ಲಿ ಒಂದು ಸಾಲು ಹೆಚ್ಚಿತ್ತು: ಇನ್ನೊಬ್ಬ ಕಾವಲುಗಾರನ ಹೆಸರು. ಅವನು ತಡೆಯಬೇಕಾದದ್ದು ಧರ್ಮೇಶನ ನಂಬರನ್ನು ಮಾತ್ರ.

"ಪೂರ್ತಿ ತಡಿಯಕ್ಕಲ್ಲ ಮೇಡಂ. ಹಿಡ್ಕೊಂಡು ನಂಗೆ ಫೋನ್ ಮಾಡ್ಬೇಕಿತ್ತು. ನಾನು ವಿಚಾರಿಸಿ ಬಿಡ್ತಿದ್ದೆ."

"ಮತ್ತೆ ಫೋನ್ ಯಾಕೆ ಬರ್ಲಿಲ್ಲ?"

ನಂದನ್ ಬಿಡಿಸಿ ಹೇಳಿದ. ಅರುಣಾ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಳು. ಪ್ರೋಗ್ರಾಮಿನ ಪ್ರತಿ ಭಾಗಕ್ಕೂ ಬೇಕಾದ ಸಲಕರಣೆಯನ್ನು ಒಂದು ವ್ಯವಸ್ಥೆಯೇ ಕೈಗೆ ಕೊಡುತ್ತದೆ; ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುವುದು ಇದಕ್ಕೇ. ಈ ಕಾವಲುಗಾರನನ್ನು ನಂದನ್ ಆ ವ್ಯವಸ್ಥೆಯ ಮೂಲಕ ನಿಲ್ಲಿಸಿರಲಿಲ್ಲ. ಅವಸರದಲ್ಲಿ, ಡೇಟಾಬೇಸಿನ ಕೆಲಸ ನೋಡಿಕೊಳ್ಳುವ ಸಿದ್ಧ ಪ್ರೋಗ್ರಾಮಾದ ಲೈಬ್ರರಿಗೆ ಅವನ ಹೆಸರಷ್ಟೇ ಕೊಟ್ಟಿದ್ದ. ಅದು ತಾನೇ ಒಬ್ಬನನ್ನು ತಯಾರಿಸಿ ನಿಲ್ಲಿಸಿಕೊಂಡಿತು. ತಡೆಯುವುದು ಅವನಿಗೆ ಗೊತ್ತಿತ್ತು. ನಂದನ್‌ಗೆ ಕರೆ ಮಾಡುವ ಸಲಕರಣೆ, ಆ ಫೋನ್ ಮಾತ್ರ ಕೈ ಸೇರಿರಲಿಲ್ಲ. ಫೋನ್ ಇಲ್ಲದಿದ್ದರೆ ಸುಮ್ಮನಿರು ಎಂದೂ ನಂದನ್ನೇ ಬರೆದಿದ್ದ.

"ಪರೀಕ್ಷೆ ಮಾಡಿರ್ಲಿಲ್ವಾ?"

"ಆನೆ ಬಂದಾಗ ನೋಡಿದ್ರಾಯ್ತು ಅಂತ..."

"ಬೆಳಗ್ಗೆ ಆ ಸಾಲು ಅಳಿಸಿದ್ದು?"

"ಹೆದರ್ದೆ ಮೇಡಂ."

ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ 5.30ಕ್ಕೆ ನಂದನ್‌ನನ್ನು ಬಂಧಿಸಲಾಯಿತು. ಧರ್ಮೇಶನನ್ನು ಬಿಟ್ಟರು. ಠಾಣೆಯ ಮೆಟ್ಟಿಲಲ್ಲಿ ಕುಳಿತಿದ್ದ ಗಿಡ್ಡಪ್ಪ ತಲೆ ಎತ್ತದೆಯೇ, "ಆಸ್ಪತ್ರೆ ಕಡೆ ಬರ್ತೀರಾ ರೈಟ್ರೇ?" ಎಂದ.

ನಂದನ್‌ನ ಹೇಳಿಕೆ ಚಿಕ್ಕದು. ನವೆಂಬರಿನಲ್ಲಿ ಧರ್ಮೇಶ್ ಒಂಬತ್ತು ವರದಿ ಹಾಕಿದ್ದ. ಒಂಬತ್ತು ಸಲವೂ ಸೈರನ್ ಕೂಗಿತು, ಆನೆ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಜನ ಸೈರನ್ ಕೇಳಿದರೂ ನಗುತ್ತಾ ಕೊಯ್ಯುತ್ತಲೇ ಇದ್ದರು. ಹೀಗೇ ಆದರೆ ನಿಜವಾಗಿ ಬಂದ ದಿನ ಯಾರೂ ಏಳುವುದಿಲ್ಲ ಎಂಬ ಹೆದರಿಕೆಯಿಂದ ಆ ಕಾವಲುಗಾರನನ್ನು ಇಟ್ಟೆ ಎಂದ.

ಆ ಒಂಬತ್ತರಲ್ಲಿ ಎಷ್ಟು ಸುಳ್ಳು? ಆನೆ ಬಂದು ಹಾಗೇ ತಿರುಗಿ ಹೋಗಿದ್ದೆಷ್ಟು ಸಲ? ಆಗ ಯಾರೂ ಹೆಜ್ಜೆಗುರುತು ನೋಡಲು ಹೋಗಿರಲಿಲ್ಲ. ಅರುಣಾ ಎಲ್ಲರನ್ನೂ ಕೇಳಿ ನೋಡಿದಳು. ಕೊನೆಗೆ ಕೇಸ್ ಡೈರಿಯಲ್ಲಿ ಬರೆದಳು: ಗೊತ್ತಾಗಿಲ್ಲ.